ದೈವದಂಡನೆ ಮತ್ತು ದೇಶತ್ಯಾಗ: ಇಕ್ಕೇರಿ ಸೀಮೆಯ ಶಾಸನಗಳಲ್ಲಿ

ಕೊಟ್ಟ ಮಾತು ಮೀರಿದವನನ್ನು ದೇವರೇ ವಿಚಾರಿಸಿಕೊಳ್ಳುತ್ತಾನೆಂಬ ನಂಬಿಕೆಗೆ ಇಕ್ಕೇರಿ ಸೀಮೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಕಲ್ಲಿನ ಸಾಕ್ಷಿಯಿದೆ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 8ನೆಯ ಸಂಪುಟದಲ್ಲಿ ಈ ಸೀಮೆಯ ಶಾಸನಗಳು ಸೇರಿವೆ. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವನ್ನು ಹಲವರು ಒಕ್ಕಣೆಯೆಂದು ದಾಟಿಬಿಡುತ್ತಾರೆ. ದಾನವನ್ನು ಕಾಯುವ ಕಾವಲು ಇರುವುದು ಅಲ್ಲೇ.

ಕಲ್ಲಿನ ನೆತ್ತಿಯಲ್ಲಿ ಲಿಂಗ ಅಥವಾ ಜಿನಬಿಂಬ, ಮೇಲೆ ಸೂರ್ಯಚಂದ್ರರು, ಪಕ್ಕದಲ್ಲಿ ಕರುವಿಗೆ ಹಾಲೂಡುವ ಹಸು. ಕೆಳಗೆ ಕೊಟ್ಟ ಭೂಮಿಯ ವಿವರ, ಚತುಸ್ಸೀಮೆ. ಆಮೇಲೆ ಶಾಪ: ತಾನು ಕೊಟ್ಟದ್ದಾಗಲಿ, ಪರರು ಕೊಟ್ಟದ್ದಾಗಲಿ, ದತ್ತಿಯನ್ನು ಕಸಿದವನು 60,000 ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಅವನಿಗೆ ತಟ್ಟುತ್ತದೆ. ಈ ಮಾತು ಮೊದಲು ಕಟ್ಟಿಹಾಕುವುದು ಕೊಟ್ಟ ಅರಸನನ್ನೇ, ಅವನ ಮಕ್ಕಳನ್ನೇ. ದಾನ ಮಾಡುವುದಕ್ಕಿಂತ ಪರರ ದಾನವನ್ನು ಪಾಲಿಸುವುದು ಮಿಗಿಲು ಎಂಬ ಆಶ್ವಾಸನೆಯೂ ಜೊತೆಗಿರುತ್ತದೆ.

ಹೀಬ್ರೂ ಧರ್ಮಗ್ರಂಥದ ಧರ್ಮೋಪದೇಶಕಾಂಡದ 28ನೆಯ ಅಧ್ಯಾಯವೂ ಇದೇ ಕಟ್ಟಿನದು: ಮೊದಲ 14 ವಚನಗಳಲ್ಲಿ ಆಶೀರ್ವಾದ, ಉಳಿದ 54ರಲ್ಲಿ ಶಾಪ. ಆದರೆ ಅಲ್ಲಿ ಶಿಕ್ಷೆ ಇಡೀ ಜನಾಂಗಕ್ಕೆ, ಅದೂ ಈ ಜನ್ಮದಲ್ಲೇ, ನೆಲ ಕಳೆದುಕೊಳ್ಳುವ ರೂಪದಲ್ಲಿ. ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯರಿಗೆ ಸಮಾರ್ಯ ಬಿದ್ದದ್ದನ್ನೂ, ಕ್ರಿ.ಪೂ. 586ರ ಸುಮಾರಿಗೆ ಜೆರುಸಲೇಮ್ ಸುಟ್ಟು ಜನ ಬಾಬೆಲಿಗೆ ಸೆರೆಹೋದದ್ದನ್ನೂ ಅರಸುಗಳ ಗ್ರಂಥ ಆಜ್ಞೋಲ್ಲಂಘನೆಯ ಫಲವೆಂದೇ ಬರೆಯುತ್ತದೆ. ನಮ್ಮ ಕಲ್ಲುಗಳು ಊರಿಗೆ ಊರನ್ನೇ ಶಪಿಸುವುದಿಲ್ಲ. ಕಸಿದವನನ್ನು ಹಿಡಿದು ಮುಂದಿನ ಜನ್ಮಗಳಿಗೆ ಅಟ್ಟುತ್ತವೆ.

ದೇಶಬಿಟ್ಟ ಕಥೆ ಈ ಸೀಮೆಯಲ್ಲಿ ಇಲ್ಲವೆಂದಲ್ಲ. ಹೊಸನಗರ ತಾಲ್ಲೂಕಿನ ಹುಂಚದ ಪರಂಪರೆಯಂತೆ ಉತ್ತರ ಮಧುರೆಯ ಅರಸ ಸಹಕಾರ ನರಮಾಂಸ ತಿನ್ನುವಷ್ಟು ಕೆಟ್ಟ. ಮಗ ಜಿನದತ್ತ ಹೇಸಿ, ಪದ್ಮಾವತಿ ದೇವಿಯ ವಿಗ್ರಹದೊಂದಿಗೆ ದಕ್ಷಿಣಕ್ಕೆ ಬಂದ. ಲೊಕ್ಕಿ ಗಿಡದ ಬಳಿ ದೇವಿ ನೆಲೆಸಿದಳು. ವಿಗ್ರಹಕ್ಕೆ ತಾಗಿದ ಕಬ್ಬಿಣ ಹೊನ್ನಾಯಿತು. ಇಲ್ಲಿ ನಾಡು ತೊರೆದವನು ತಪ್ಪಿತಸ್ಥನಲ್ಲ, ತಪ್ಪಿಗೆ ಹೇಸಿದವನು. ಅಪ್ಪನ ಪಾಪ ಮಗನನ್ನು ಊರು ಬಿಡಿಸಿತು, ದೇವಿ ಅವನಿಗೆ ಬೇರೊಂದು ನಾಡನ್ನೇ ಕೊಟ್ಟಳು. ಇದು ಐತಿಹ್ಯವೇ ಸರಿ. ಆದರೂ 1077ರಲ್ಲಿ ಚಟ್ಟಲದೇವಿ ಹುಂಚದಲ್ಲಿ ಪಂಚಕೂಟ ಬಸದಿ ಕಟ್ಟಿಸುವ ಹೊತ್ತಿಗೆ ಜಿನದತ್ತ ಇಲ್ಲಿನ ಸಾಂತರ ಅರಸುಮನೆತನದ ಮೂಲಪುರುಷನಾಗಿ ನೆಲೆನಿಂತಿದ್ದ.

ಪಾರಸಿಯ ಅರಸ ಕೋರೆಷ ಕ್ರಿ.ಪೂ. 539ರಲ್ಲಿ ಬಾಬೆಲನ್ನು ಗೆದ್ದ ಮೇಲೆ ಅಲ್ಲಿ ಸೆರೆಯಲ್ಲಿದ್ದ ಯೆಹೂದ್ಯರಲ್ಲಿ ಹಲವರು ತಾಯ್ನೆಲಕ್ಕೆ ಮರಳಿದರು. ಜಿನದತ್ತನ ವಂಶದವರೆನಿಸಿಕೊಂಡವರು ಉತ್ತರಕ್ಕೆ ಹಿಂದಿರುಗಲಿಲ್ಲ, ಘಟ್ಟ ಇಳಿದರು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಭೈರರಸನ ಮನೆತನ ತನ್ನ ಮೂಲವನ್ನು ಹೇಳಿಕೊಂಡದ್ದು ಈ ಜಿನದತ್ತನಿಂದಲೇ.