ಹುಡುಕಿದರೆ ಸಿಗುವ ಕನ್ನಡ

ಅಂತರಜಾಲದಲ್ಲಿ ಪುಟವೊಂದನ್ನು ಬರೆದಿಟ್ಟರೆ ಸಾಲದು, ಹುಡುಕುವವರ ಕಣ್ಣಿಗೂ ಅದು ಬೀಳಬೇಕು. ಇದಕ್ಕಾಗಿ ನಡೆದಿರುವ ಪೈಪೋಟಿಗೆ ಮೂರು ದಶಕಗಳ ಇತಿಹಾಸವಿದೆ. 1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಯಾಹೂ, ಮನುಷ್ಯರೇ ಕುಳಿತು ವಿಂಗಡಿಸಿದ ಪಟ್ಟಿಯಾಗಿತ್ತು. 1995ರ ಕೊನೆಗೆ ಬಂದ ಆಲ್ಟಾವಿಸ್ಟಾ, ಪುಟಗಳೊಳಗಿನ ಪದಗಳನ್ನೇ ಹೆಕ್ಕಿ ಸೂಚಿ ಮಾಡಿತು. ಜಾಣರು ಸುಮ್ಮನಿರುತ್ತಾರೆಯೇ? ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಒಂದೇ ಪದವನ್ನು ಮತ್ತೆ ಮತ್ತೆ ತುರುಕಿದರು. ಓದುಗನಿಗೆ ಕಾಣದು, ಯಂತ್ರಕ್ಕೆ ಮಾತ್ರ ಕಾಣುತ್ತಿತ್ತು! 1998ರಲ್ಲಿ ಸ್ಥಾಪನೆಯಾದ ಗೂಗಲ್, ಒಂದು ಪುಟಕ್ಕೆ ಬೇರೆ ಯಾರು ಯಾರು ಕೊಂಡಿ ಕೊಟ್ಟಿದ್ದಾರೆಂದು ನೋಡಿ ಅದರ ಸ್ಥಾನ ನಿರ್ಧರಿಸತೊಡಗಿತು. ಆಗ ಕೊಂಡಿಗಳನ್ನೇ ಮಾರುವ ದಂಧೆ ಹುಟ್ಟಿತು.

ಕನ್ನಡಿಗರಾದ ನಮ್ಮ ತೊಡಕು ಇದಕ್ಕಿಂತ ಮೂಲದ್ದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. ಆದರೆ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬರುವವರೆಗೆ ಮನೆಮನೆಯ ಗಣಕಯಂತ್ರದಲ್ಲಿ ಅದರ ಬಳಕೆ ಸುಲಭವಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪ ತೊಡಿಸಿದ ಫಾಂಟುಗಳೇ ನಮಗೆ ಗತಿ. ಪರದೆಯ ಮೇಲೆ ಮುದ್ದಾದ ಕನ್ನಡ. ಹುಡುಕುವ ಯಂತ್ರಕ್ಕೋ ಅರ್ಥವಿಲ್ಲದ ರೋಮನ್ ಅಕ್ಷರಗಳ ಕಲಸುಮೇಲೋಗರ. ಹಾಗೆ ಬರೆದ ಪುಟಗಳು ಕನ್ನಡದಲ್ಲಿ ಹುಡುಕುವವರ ಪಾಲಿಗೆ ಇದ್ದೂ ಇಲ್ಲದಂತಾದವು.

ಆದ್ದರಿಂದ ನಮ್ಮ ಸಂಘಗಳ ಹಳೆಯ ಸಂಚಿಕೆಗಳನ್ನು ಜಾಲಕ್ಕೇರಿಸುವಾಗ ಅಕ್ಷರಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಶ್ರಮ ತೆಗೆದುಕೊಳ್ಳಲೇಬೇಕು. ಶೀರ್ಷಿಕೆ, ಬರೆದವರ ಹೆಸರು, ಊರು, ವರ್ಷ ಇವಿಷ್ಟನ್ನು ಇಂಗ್ಲಿಷಿನಲ್ಲೂ ಕೊಟ್ಟರೆ, ಕನ್ನಡ ಓದಲು ಬಾರದ ನಮ್ಮ ಮೊಮ್ಮಕ್ಕಳಿಗೂ ಅಜ್ಜಿ ಬರೆದ ಪದ್ಯ ಸಿಕ್ಕೀತು.