‘ಬ್ಲೂ’ ಹೆಸರಿನ ಹಸಿರು

ಆಂಡ್ರಾಯ್ಡ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ತೆರೆಸುವುದು ‘ವ್ಯಾಲ್ಯೂಸ್’ ಫೋಲ್ಡರಿನ ಕಲರ್ಸ್ ಎಕ್ಸ್‌ಎಂಎಲ್ ಫೈಲನ್ನು. ಆ ಪ್ರಾಜೆಕ್ಟಿಗೆ ಎಷ್ಟು ಜನ ಕೈ ಹಾಕಿ ಹೋಗಿದ್ದಾರೆ ಎಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ.

ಬಣ್ಣವನ್ನು ಕೋಡಿನೊಳಗೆ ತುರುಕಬೇಡಿ, ಹೆಸರಿಟ್ಟು ಹೊರಗಿಡಿ ಎಂಬ ಏರ್ಪಾಡು 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂದಾಗಲೇ ಇತ್ತು. ಕೆಂಪು, ಹಸಿರು, ನೀಲಿಗೆ ಎರಡೆರಡು ಹೆಕ್ಸ್ ಅಂಕಿ. ಪಾರದರ್ಶಕತೆಯ ಎರಡು ಅಂಕಿ ಎಲ್ಲಕ್ಕಿಂತ ಮುಂದೆ. ಸಿಎಸ್‌ಎಸ್‌ನಲ್ಲಿ ಅವು ಕೊನೆಗೆ ಬರುವುದರಿಂದ ವೆಬ್ ಕಡೆಯವರು ಇಲ್ಲಿ ಈಗಲೂ ತಡವರಿಸುತ್ತಾರೆ.

ಬಿಲ್ಡ್ ಆಗುವಾಗ ಪ್ರತಿ ಹೆಸರಿಗೂ ಒಂದು ಐಡಿ ಹುಟ್ಟುತ್ತದೆ. ನಮ್ಮ ಆ್ಯಪಿನ ಐಡಿಗಳೆಲ್ಲ 7ಎಫ್‌ನಿಂದ ಶುರು. ತೊಡಕಿದ್ದದ್ದು ಇಲ್ಲೇ: ಐಡಿಯೂ ಪೂರ್ಣಾಂಕ, ಬಣ್ಣವೂ ಪೂರ್ಣಾಂಕ. ಬಣ್ಣ ಕೊಡಬೇಕಾದ ಕಡೆ ಐಡಿಯನ್ನೇ ಕೊಟ್ಟರೂ ಕಂಪೈಲರ್ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಕೆಂಪಾಗಬೇಕಿದ್ದ ಅಕ್ಷರ ಮಾಸಲು ಕಪ್ಪಾಗಿ ಕಾಣುತ್ತಿತ್ತು. 7ಎಫ್ ಎಂದರೆ 255ರಲ್ಲಿ 127, ಅಂದರೆ ಅರ್ಧ ಪಾರದರ್ಶಕ; ಉಳಿದ ಅಂಕಿಗಳು ಸೊನ್ನೆಯ ಆಸುಪಾಸು. ಇದು ಗೊತ್ತಿದ್ದವರು ಆ ಮಸುಕನ್ನು ನೋಡಿಯೇ ರೋಗ ಹೇಳುತ್ತಿದ್ದರು. 2015ರ ಹೊತ್ತಿಗೆ ಐಡಿಗೆ ‘ಕಲರ್‌ರೆಸ್’, ಬಣ್ಣಕ್ಕೆ ‘ಕಲರ್‌ಇಂಟ್’ ಎಂಬ ಗುರುತುಗಳು ಬಂದು, ತಪ್ಪನ್ನು ಆಂಡ್ರಾಯ್ಡ್ ಸ್ಟುಡಿಯೋವೇ ತೋರಿಸತೊಡಗಿತು.

2011ರ ಹೋಲೋ ಥೀಮಿನ ಕಾಲದಲ್ಲಿ ಕಪ್ಪು ಹಿನ್ನೆಲೆಯ ಮೇಲೆ 33ಬಿ5ಇ5 ಎಂಬ ತಿಳಿನೀಲಿಯದೇ ರಾಜ್ಯಭಾರ. ನಮ್ಮ ಫೈಲುಗಳಲ್ಲೂ ‘ಬ್ಲೂ’, ‘ಲೈಟ್ ಬ್ಲೂ’, ‘ಗ್ರೇ 2’ ಎಂಬಂಥ ಹೆಸರುಗಳೇ. ಮುಂದೆ ಗ್ರಾಹಕರು ಬ್ರ್ಯಾಂಡಿನ ಬಣ್ಣ ಬದಲಿಸಿದಾಗ ಹೆಸರನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ. ‘ಬ್ಲೂ’ ಎಂಬ ಸಾಲಿನಲ್ಲಿ ಹಸಿರು ಕೂತಿರುತ್ತಿತ್ತು.

2014ರಲ್ಲಿ ಮೆಟೀರಿಯಲ್ ಡಿಸೈನ್ ‘ಕಲರ್ ಪ್ರೈಮರಿ’, ‘ಕಲರ್ ಆ್ಯಕ್ಸೆಂಟ್’ ಎಂದು ಬಣ್ಣಕ್ಕೆ ಅದರ ಕೆಲಸದ ಹೆಸರಿಟ್ಟಿತು. ಈ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ನನಗೆ ಕಾಣುವುದಿಲ್ಲ. ಅದರ ಬೆಲೆ ತಿಳಿದದ್ದು 2019ರಲ್ಲಿ, ಆಂಡ್ರಾಯ್ಡ್ 10 ಡಾರ್ಕ್ ಥೀಮ್ ತಂದಾಗ. ಕೆಲಸದ ಹೆಸರಿಟ್ಟವರು ‘ವ್ಯಾಲ್ಯೂಸ್-ನೈಟ್’ ಫೋಲ್ಡರಿನಲ್ಲಿ ಇನ್ನೊಂದು ಫೈಲ್ ಬರೆದು ಮುಗಿಸಿದರು. ಎಲ್ಲೆಡೆ ‘ವೈಟ್’ ಎಂದು ಬರೆದಿದ್ದವರು ಒಂದೊಂದೇ ಪರದೆ ತೆರೆದು, ಇದು ಹಿನ್ನೆಲೆಯ ಬಿಳಿಯೋ ಅಕ್ಷರದ ಬಿಳಿಯೋ ಎಂದು ವಿಂಗಡಿಸುತ್ತ ಕೂರಬೇಕಾಯಿತು.

2021ರ ಆಂಡ್ರಾಯ್ಡ್ 12, ಬಳಕೆದಾರರ ವಾಲ್‌ಪೇಪರಿನಿಂದಲೇ ಬಣ್ಣ ಹೆಕ್ಕತೊಡಗಿತು. ಅದೇ ವರ್ಷ ಬಂದ, ಪರದೆಗಳನ್ನು ಕೋಟ್ಲಿನ್ ಕೋಡಿನಲ್ಲೇ ಬರೆಯುವ ಕಂಪೋಸ್ 1.0, ಬಣ್ಣಗಳನ್ನು ಕೋಟ್ಲಿನ್ ಫೈಲಿಗೆ ಸಾಗಿಸಿತು. ಹಳೆಯ ಫೈಲ್ ಸಣ್ಣದಾಗಿದೆ, ಹೋಗಿಲ್ಲ. ಆ್ಯಪಿನ ಕೋಡ್ ಓಡುವ ಮುನ್ನವೇ ಸಿಸ್ಟಂ ತೋರಿಸುವ ಸ್ಪ್ಲಾಶ್ ಪರದೆಯ ಹಿನ್ನೆಲೆಗೆ ಕೋಟ್ಲಿನ್ ಬಣ್ಣ ಕೊಡಲಾರದು. ಅದಕ್ಕೆ ಇಂದಿಗೂ ಎಕ್ಸ್‌ಎಂಎಲ್‌ನಲ್ಲಿ ಬರೆದ ಬಣ್ಣವೇ ಬೇಕು.