ಅಪ್‌ಡೇಟ್ ಬಂದರೂ ಸೆಟಿಂಗ್ ಉಳಿಯಬೇಕಾದರೆ

ದಾವಣಗೆರೆಯಲ್ಲಿ ಮದುವೆ ಸೀಸನ್ ಶುರುವಾದರೆ ಡಿಟಿಪಿ ಅಂಗಡಿಗಳಿಗೆ ಪುರುಸೊತ್ತಿರುವುದಿಲ್ಲ. ಲಿನಕ್ಸ್ ಹಾಕಿಕೊಂಡ ಒಂದು ಅಂಗಡಿ ಅಂದುಕೊಳ್ಳಿ. ‘ರಾಜ್‌ಕುಮಾರ್’ ಎಂದು ಒತ್ತಿದರೆ ಇವತ್ತು ‘ರಾಜ್ಕುಮಾರ್’ ಮೂಡುತ್ತಿದೆ. ಜಕಾರಕ್ಕೆ ಕಕಾರ ಒತ್ತಾಗಿ ಅಂಟದಂತೆ ನಡುವೆ ಕೂರುವ, ಕಣ್ಣಿಗೆ ಕಾಣದ ಅಕ್ಷರವೊಂದಿದೆ. ಆಪರೇಟರ್ ಕೀಲಿಮಣೆ ಫೈಲ್ ತಿದ್ದಿ ಅದನ್ನು ಕೈಗೆ ಒಗ್ಗಿದ ಕೀಲಿಗೆ ಹಾಕಿಕೊಂಡಿದ್ದ. ರಾತ್ರಿ ಬಂದ ಅಪ್‌ಡೇಟ್ ಆ ಫೈಲನ್ನೇ ಬದಲಿಸಿದೆ.

## ಯಾವ ಫೈಲ್ ಯಾರದು

ಲಿನಕ್ಸ್‌ನಲ್ಲಿ ‘ಯುಎಸ್‌ಆರ್’ ಫೋಲ್ಡರ್ ತಯಾರಕರದು, ‘ಇಟಿಸಿ’ ಮಾಲೀಕನದು. ಕೆ.ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶದಿಂದ ಎಲ್ಲರ ಬೆರಳಿಗೆ ಹತ್ತಿದ ಕೀಲಿ ವಿನ್ಯಾಸ ಲಿನಕ್ಸ್‌ನಲ್ಲೂ ‘ಕಗಪ’ ಹೆಸರಿನಲ್ಲಿದೆ. ಅದು ಕೂತಿರುವುದು ಯುಎಸ್‌ಆರ್ ಒಳಗೆ. ಅಲ್ಲಿ ತಿದ್ದುವುದು ಬಾಡಿಗೆ ಮನೆ ಗೋಡೆಗೆ ಮೊಳೆ ಹೊಡೆದ ಹಾಗೆ. ಪ್ಯಾಕೇಜ್ ಹೊಸದಾದ ದಿನ ಅದು ಯಾರನ್ನೂ ಕೇಳದೆ ನಿಮ್ಮ ತಿದ್ದುಪಡಿಯನ್ನು ಅಳಿಸುತ್ತದೆ.

ಇಟಿಸಿಗೆ ಮರ್ಯಾದೆ ಜಾಸ್ತಿ. ಡೆಬಿಯನ್, ಉಬುಂಟುಗಳಲ್ಲಿ ಒಂದು ಸೆಟಿಂಗ್ ಫೈಲನ್ನು ನೀವೂ ತಿದ್ದಿ, ತಯಾರಕರೂ ಬದಲಿಸಿದ್ದರೆ ಅಪ್‌ಡೇಟ್ ಅಲ್ಲೇ ನಿಂತು ಕೇಳುತ್ತದೆ. ‘ವೈ’ ಒತ್ತಿದರೆ ಅವರದು, ‘ಎನ್’ ಒತ್ತಿದರೆ ನಿಮ್ಮದು, ‘ಡಿ’ ಒತ್ತಿದರೆ ವ್ಯತ್ಯಾಸ ಕಾಣುತ್ತದೆ. ಬರೀ ಎಂಟರ್ ಹೊಡೆದರೆ ನಿಮ್ಮದೇ ಉಳಿದು, ಅವರದು ‘ಡಿಪಿಕೆಜಿ-ಡಿಸ್ಟ್’ ಬಾಲ ಅಂಟಿಸಿಕೊಂಡು ಪಕ್ಕದಲ್ಲಿ ಕೂರುತ್ತದೆ. ಫೆಡೋರಾದಲ್ಲಿ ಪ್ರಶ್ನೆಯೇ ಇಲ್ಲ. ಸಾಮಾನ್ಯವಾಗಿ ಅವರ ಫೈಲನ್ನು ‘ಆರ್‌ಪಿಎಂನ್ಯೂ’ ಬಾಲ ಅಂಟಿಸಿ ಸದ್ದಿಲ್ಲದೆ ಇಟ್ಟು ಹೋಗುತ್ತದೆ. ಅವಸರದಲ್ಲಿ ‘ವೈ’ ಒತ್ತುವವರೇ ಹೆಚ್ಚು. ‘ಡಿ’ ಒತ್ತಿ ಎರಡು ನಿಮಿಷ ಓದಿದರೆ ಅರ್ಧ ದಿನದ ತಲೆನೋವು ತಪ್ಪುತ್ತದೆ.

## ಮೂಲಕ್ಕೆ ಕೈ ಹಚ್ಚದೆ

ಒಳ್ಳೆಯ ದಾರಿ ಅಂದರೆ ಮೂಲ ಫೈಲ್ ಮುಟ್ಟದೆ, ಬದಲಾದ ಸಾಲುಗಳನ್ನಷ್ಟೇ ಬೇರೆ ಫೈಲಿನಲ್ಲಿ ಬರೆಯುವುದು. ಕರ್ನಲ್ ಸೆಟಿಂಗ್‌ಗೆ ಇಟಿಸಿಯೊಳಗೆ ‘ಸಿಸ್‌ಸಿಟಿಎಲ್.ಡಿ’ ಫೋಲ್ಡರ್ ಇದೆ. ಅಲ್ಲಿನ ಫೈಲ್‌ಗಳು ಹೆಸರಿನ ಅನುಕ್ರಮದಲ್ಲಿ ಓದಿಸಿಕೊಳ್ಳುವುದರಿಂದ ನಿಮ್ಮದಕ್ಕೆ 99ರಿಂದ ಶುರುವಾಗುವ ಹೆಸರಿಟ್ಟರೆ ಕೊನೆಯ ಮಾತು ನಿಮ್ಮದೇ. ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಆಜ್ಞೆಯೂ ಇದೇ ರೀತಿ ತಿದ್ದುಪಡಿಯನ್ನು ಪ್ರತ್ಯೇಕವಾಗಿ ಇಡುತ್ತದೆ. ನಮ್ಮ ಆಪರೇಟರ್‌ಗೂ ಉಪಾಯವಿದೆ: ವೇಲ್ಯಾಂಡ್ ಡೆಸ್ಕ್‌ಟಾಪ್ ಆಗಿದ್ದರೆ ತನ್ನ ಹೋಮ್ ಫೋಲ್ಡರಿನ ‘ಕಾನ್ಫಿಗ್’ನಲ್ಲಿ ‘ಎಕ್ಸ್‌ಕೆಬಿ’ ಫೋಲ್ಡರ್ ಮಾಡಿಕೊಂಡು ಆ ಕೀಲಿಯ ತಿದ್ದುಪಡಿಯನ್ನು ಅಲ್ಲಿಡಬಹುದು. ಹಳೆಯ ಎಕ್ಸ್11ರಲ್ಲಿ ಇದು ನಡೆಯದು.

## ಬರೆದಿಡುವುದು

ದಾವಣಗೆರೆ ಪಕ್ಕದ ಹರಿಹರ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಶುರುವಾದ ಊರು. ‘ಸೆಟಿಂಗ್’ ಅಂದರೆ ಅಲ್ಲಿ ಮೊದಲು ನೆನಪಾಗುವುದು ಚಕ್‌ಗೆ ಜಾಬ್ ಕಟ್ಟುವುದೇ ಇರಬೇಕು. ಜಾಬ್ ಇಳಿಸುವ ಮುಂಚೆ ಅಳತೆ ಗುರುತು ಹಾಕಿಕೊಂಡವನಿಗೆ ಮರುದಿನ ಪರದಾಟವಿಲ್ಲ. ಲಿನಕ್ಸ್‌ನಲ್ಲಿ ಆ ಕೆಲಸಕ್ಕೆ ಜೋಯಿ ಹೆಸ್ ಬರೆದ ‘ಇಟಿಸಿಕೀಪರ್’ ಇದೆ. ಪ್ರತಿ ಅಪ್‌ಡೇಟಿನ ಹಿಂದೆ ಮುಂದೆ ಇಡೀ ಇಟಿಸಿಯ ಸ್ಥಿತಿಯನ್ನು ಗಿಟ್‌ನಲ್ಲಿ ದಾಖಲಿಸುತ್ತದೆ. ಯಾವ ಸಾಲು ಯಾವಾಗ ಬದಲಾಯಿತೆಂದು ಹುಡುಕಬಹುದು. ಅದರಲ್ಲಿ ಪಾಸ್‌ವರ್ಡ್ ಫೈಲ್‌ಗಳೂ ಸೇರಿರುತ್ತವೆ, ಹಾಗಾಗಿ ನಕಲು ಕಂಡಕಂಡಲ್ಲಿ ಇಡಬಾರದು.

## ವಿಂಡೋಸ್‌ನಲ್ಲಿ

ಇಲ್ಲಿ ಅಷ್ಟು ಅಚ್ಚುಕಟ್ಟಿಲ್ಲ. ಬೇಕಾದ ರಿಜಿಸ್ಟ್ರಿ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಕು. ಡೀಫಾಲ್ಟ್ ಪ್ರಿಂಟರ್ ತಾನಾಗಿ ಬದಲಾಗುತ್ತಿದ್ದರೆ ಅದನ್ನು ವಿಂಡೋಸ್‌ಗೇ ಬಿಡುವ ಆಯ್ಕೆಯನ್ನು ಆಫ್ ಮಾಡಿ. ಸೆಟಿಂಗ್ ಕೆಡುತ್ತದೆಂದು ಅಪ್‌ಡೇಟನ್ನೇ ನಿಲ್ಲಿಸಿ ಕೂರುವುದು, ಅದೂ ಗಿರಾಕಿಗಳ ಪೆನ್‌ಡ್ರೈವ್ ದಿನವಿಡೀ ಓಡಾಡುವ ಅಂಗಡಿಯಲ್ಲಿ, ವೈರಸ್‌ಗೆ ಬಾಗಿಲು ತೆರೆದಿಟ್ಟಂತೆ. ದೊಡ್ಡ ಅಪ್‌ಡೇಟ್ ಆದಮೇಲೆ ಹಳೆಯದಕ್ಕೆ ಮರಳಲು ಸಾಮಾನ್ಯವಾಗಿ 10 ದಿನ ಅವಕಾಶವಿರುತ್ತದೆ; ಕನ್ನಡ ಫಾಂಟ್, ಪ್ರಿಂಟರ್, ಕೀಲಿಮಣೆ ಮೂರನ್ನೂ ಅಷ್ಟರೊಳಗೆ ಒಂದು ಲಗ್ನಪತ್ರಿಕೆ ತೆಗೆದು ನೋಡಿಕೊಳ್ಳಿ.